ಬೂಟಿನ ಮಣ್ಣು

ನಾವು ಆಕ್ಲೆಂಡ್ ವಿಮಾನನಿಲ್ದಾಣದಲ್ಲಿ ಇಳಿದಾಗ ನ್ಯೂಜಿಲೆಂಡಿನ ಅಧಿಕಾರಿಗಳು ಮೊದಲು ವಿಚಾರಿಸಿದ್ದು ನಮ್ಮ ಬೂಟುಗಳನ್ನು. ಶಾಲೆಯ ಅಧ್ಯಯನ ಪ್ರವಾಸಕ್ಕೆಂದು ಬಂದಿದ್ದ ನಾವು ಹದಿನೆಂಟು ಮಂದಿ ವಿದ್ಯಾರ್ಥಿಗಳೂ ಇಬ್ಬರು ಅಧ್ಯಾಪಕರೂ ಸಾಲಾಗಿ ನಿಂತಿದ್ದೆವು. ನಮ್ಮಲ್ಲಿ ಮಲೆನಾಡಿನವನಾದ ಗೆಳೆಯನೊಬ್ಬನು, ತನ್ನ ಬೂಟುಗಳು ಅಡಿಕೆತೋಟದಲ್ಲಿ ಓಡಾಡಿದವೆಂದು ಪ್ರವೇಶಪತ್ರದಲ್ಲಿ ಪ್ರಾಮಾಣಿಕವಾಗಿ ಬರೆದಿದ್ದನು. ಅಧಿಕಾರಿಯು ಅಟ್ಟೆಯ ಸಂದಿನಲ್ಲಿ ಒಣಗಿದ್ದ ಕೆಂಪು ಮಣ್ಣನ್ನು ಕಂಡು, ಬೂಟುಗಳನ್ನು ಒಳಗೆ ಒಯ್ದು ತೊಳೆದು ತಂದುಕೊಟ್ಟರು. ಚಿಟಿಕೆ ಮಣ್ಣಿಗೆ ಇಷ್ಟೊಂದು ಭಯವೇ ಎಂದು ನಾವು ನಕ್ಕೆವು.

ಆ ಭಯಕ್ಕೆ ಕಾರಣವು ದೇಶದ ಚರಿತ್ರೆಯಲ್ಲಿದೆ. ಸುಮಾರು 8 ಕೋಟಿ ವರ್ಷಗಳ ಹಿಂದೆ ಈ ಭೂಭಾಗವು ಗೊಂಡ್ವಾನ ಮಹಾಖಂಡದಿಂದ ಬೇರ್ಪಟ್ಟು ಸಮುದ್ರದ ನಡುವೆ ಒಂಟಿಯಾಯಿತು. ಮಾನವನು ಬರುವ ವೇಳೆಗೆ, ಕರಾವಳಿಯ ಸೀಲುಗಳನ್ನು ಬಿಟ್ಟರೆ ಅಲ್ಲಿದ್ದ ಸಸ್ತನಿಗಳು ಬಾವಲಿಗಳು ಮಾತ್ರ. ಬೇರೆಡೆ ಜಿಂಕೆಗಳು ಮೇಯುವಂತೆ ಇಲ್ಲಿ ಹಾರಲಾರದ ಮೋಆ ಪಕ್ಷಿಗಳು ಮೇಯುತ್ತಿದ್ದವು. ಕಿವಿ ಪಕ್ಷಿಯು ರಾತ್ರಿಯಲ್ಲಿ ನೆಲ ಕೆದಕಿ ಹುಳುಗಳನ್ನು ಹುಡುಕುತ್ತಿತ್ತು. 13ನೆಯ ಶತಮಾನದ ಸುಮಾರಿಗೆ ಮಾವೊರಿಗಳ ಪೂರ್ವಿಕರು ಪಾಲಿನೇಷ್ಯದಿಂದ ದೋಣಿಗಳಲ್ಲಿ ಬಂದರು. ಅವರೊಡನೆ ನಾಯಿಯೂ ಇಲಿಯೂ ಬಂದವು. ಬೇಟೆಗೆ ಸಿಕ್ಕಿದ ಮೋಆ ಕೆಲವೇ ತಲೆಮಾರುಗಳಲ್ಲಿ ಅಳಿಯಿತು. ಬಳಿಕ ಯುರೋಪಿಯನ್ನರು ಮೊಲಗಳನ್ನು ತಂದರು. ಅವು ಮಿತಿಮೀರಿ ಹೆಚ್ಚಿದಾಗ, ಅವನ್ನು ಹಿಡಿಯಲೆಂದು 1880ರ ದಶಕದಲ್ಲಿ ಮುಂಗುಸಿಯಂತೆ ತೋರುವ ಸ್ಟೋಟ್ ಎಂಬ ಪ್ರಾಣಿಯನ್ನು ತಂದು ಬಿಟ್ಟರು. ಅದು ಕಿವಿಯ ಮರಿಗಳನ್ನೂ ತಿನ್ನತೊಡಗಿತು!

ಎರಡನೆಯ ಬಾರಿ ಬೂಟಿನ ಪ್ರಶ್ನೆ ಬಂದದ್ದು ಉತ್ತರದ ವೈಪೌವ ಅರಣ್ಯದ ಬಾಗಿಲಲ್ಲಿ. ಅಲ್ಲಿ ಪ್ರತಿಯೊಬ್ಬರೂ ಅಟ್ಟೆಯನ್ನು ಉಜ್ಜಿ, ಕ್ರಿಮಿನಾಶಕ ದ್ರಾವಣದಿಂದ ತೊಳೆದು, ಹಲಗೆಹಾಸಿನ ದಾರಿಯಲ್ಲಿಯೇ ನಡೆಯಬೇಕು. ಒಳಗೆ ‘ತಾನೆ ಮಹುತ’ ಎಂಬ ಕೌರಿ ಮರವು ನಿಂತಿದೆ. ಅದರ ಕಾಂಡದ ಸುತ್ತಳತೆ ಸುಮಾರು 14 ಮೀಟರ್. ಮಾವೊರಿ ಪುರಾಣದಂತೆ, ಅಪ್ಪಿಕೊಂಡಿದ್ದ ಆಕಾಶಪಿತನನ್ನೂ ಭೂಮಾತೆಯನ್ನೂ ದೂಡಿ ಬೇರ್ಪಡಿಸಿ, ಲೋಕಕ್ಕೆ ಬೆಳಕನ್ನು ತಂದ ವನದೇವತೆಯೇ ತಾನೆ. ಇಂತಹ ಮರವನ್ನೂ ಒಣಗಿಸಬಲ್ಲ ಶತ್ರುವು ಕಣ್ಣಿಗೆ ಕಾಣದು. ಅದರ ಹೆಸರು ಫೈಟಾಫ್ಥೊರಾ ಅಗಾಥಿಡಿಸೈಡಾ. ಮಣ್ಣಿನ ತೇವದಲ್ಲಿ ಈಜುವ ಇದರ ಬೀಜಾಣುಗಳು ಬೇರನ್ನು ಹೊಕ್ಕು, ನೀರು ಮೇಲೇರುವ ದಾರಿಯನ್ನು ಕೆಡಿಸುತ್ತವೆ. ಒಂದು ಬೂಟಿಗೆ ಅಂಟಿದ ಮಣ್ಣು ರೋಗವನ್ನು ಹರಡಲು ಸಾಕು. ಪೂರ್ತಿ ವಾಸಿಮಾಡುವ ಔಷಧವಿನ್ನೂ ದೊರೆತಿಲ್ಲ.

ಇದನ್ನು ಕೇಳಿದಾಗ ನಮ್ಮ ಮಲೆನಾಡಿನ ಗೆಳೆಯನ ಮುಖವು ಗಂಭೀರವಾಯಿತು. ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗಕ್ಕೆ ಕಾರಣವೂ ಫೈಟಾಫ್ಥೊರಾ ಕುಲದ ಜೀವಿಯೇ! ಅಡಿಕೆಗೊನೆಗೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಸಿಂಪಡಿಸಬಹುದು. ನೆಲದೊಳಗಿನ ಬೇರುಗಳಿಗೆ ಅದನ್ನು ಸಿಂಪಡಿಸುವುದೆಂತು?

ಇಲ್ಲಿ ವಿಜ್ಞಾನವೂ ಸಂಪ್ರದಾಯವೂ ಕೈಜೋಡಿಸಿವೆ. ಆಕ್ಲೆಂಡಿನ ಪಶ್ಚಿಮಕ್ಕಿರುವ ವೈಟಾಕೆರೆ ಬೆಟ್ಟಗಳಲ್ಲಿ ರೋಗವು ಹೆಚ್ಚಿದಾಗ, ಅಲ್ಲಿನ ತೆ ಕವೆರಾವ್ ಆ ಮಾಕಿ ಎಂಬ ಮಾವೊರಿ ಕುಲದವರು 2017ರ ಡಿಸೆಂಬರಿನಲ್ಲಿ ‘ರಾಹುಯಿ’ಯನ್ನು ಸಾರಿದರು. ನೆಲ ಚೇತರಿಸಿಕೊಳ್ಳುವವರೆಗೆ ಯಾರೂ ಅಲ್ಲಿ ಕಾಲಿಡಬಾರದೆಂಬ ಪ್ರಾಚೀನ ನಿಷೇಧವಿದು. 2018ರಲ್ಲಿ ನಗರಾಡಳಿತವೂ ಅರಣ್ಯವನ್ನು ಮುಚ್ಚಿತು. ಆಮೇಲೆ ದಾರಿಗಳನ್ನು ಸುಧಾರಿಸಿ ಒಂದೊಂದಾಗಿ ತೆರೆಯಲಾಯಿತು.

ಮೂರನೆಯ ಬಾರಿ ಬೂಟು ತೊಳೆದದ್ದು ದಕ್ಷಿಣದ ವೈಕಾಟೊ ಪ್ರಾಂತ್ಯದ ಹಸುಸಾಕಣೆಯ ಬಾಗಿಲಲ್ಲಿ. 2017ರಲ್ಲಿ ದೇಶದ ದನಗಳಲ್ಲಿ ಮೈಕೊಪ್ಲಾಸ್ಮ ಬೋವಿಸ್ ಎಂಬ ರೋಗಾಣು ಕಂಡುಬಂದು, ಅದನ್ನು ನಿರ್ಮೂಲಮಾಡಲು 1.8 ಲಕ್ಷಕ್ಕೂ ಹೆಚ್ಚು ದನಗಳನ್ನು ಕೊಲ್ಲಬೇಕಾಯಿತು ಎಂದರೆ ರೈತನ ಎಚ್ಚರಿಕೆಯು ಅರ್ಥವಾದೀತು. ಹಸುಗಳು ಬಯಲಲ್ಲಿ ರೈಹುಲ್ಲನ್ನೂ ಬಿಳಿ ಕ್ಲೋವರನ್ನೂ ಮೇಯುತ್ತಿದ್ದವು. ಕ್ಲೋವರು ನಮ್ಮ ಹುರುಳಿ, ಅವರೆಗಳ ವಂಶದ ಸಸ್ಯ. ಅದರ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಗಳು ಗಾಳಿಯ ನೈಟ್ರೋಜನ್ನನ್ನು ಗೊಬ್ಬರವಾಗಿಸುತ್ತವೆ. ಈ ಹುಲ್ಲುಗಾವಲೂ ಹೊರಗಿನಿಂದ ಬಂದದ್ದೇ. ಕೆಂಪು ಕ್ಲೋವರಿನ ಹೂವಿಗೆ ಪರಾಗಸ್ಪರ್ಶವಾಗದೆ ಬೀಜವು ಸರಿಯಾಗಿ ಕಟ್ಟದಿದ್ದುದರಿಂದ 1885ರಲ್ಲಿ ಇಂಗ್ಲೆಂಡಿನಿಂದ ಬಂಬಲ್ ದುಂಬಿಗಳನ್ನೂ ತರಬೇಕಾಯಿತು! ಹೊರಗಿನಿಂದ ಬಂದುದೆಲ್ಲವೂ ಕೇಡಲ್ಲ; ಆದರೆ ಬೆಲೆಯಿಲ್ಲದೆ ಬಂದುದೂ ಇಲ್ಲ. ಹಸುಗಳ ಮೂತ್ರದ ನೈಟ್ರೋಜನ್ ನೈಟ್ರೇಟಾಗಿ ನೆಲದಲ್ಲಿಳಿದು ನೀರನ್ನು ಕೆಡಿಸುತ್ತದೆ. ಆ ರೈತನು ತೊರೆಗೆ ಬೇಲಿ ಹಾಕಿ ದಡದಲ್ಲಿ ದೇಶೀಯ ಗಿಡಗಳನ್ನು ನೆಟ್ಟಿದ್ದನು.

ಇದೇ ವೈಕಾಟೊ ನದಿಯ ದಂಡೆಯಲ್ಲಿ ಮಾವೊರಿಗಳು ಹಿಂದೆ ಕುಮಾರವನ್ನು, ಎಂದರೆ ಸಿಹಿಗೆಣಸನ್ನು, ಬೆಳೆದರು. ಇದು ಉಷ್ಣವಲಯದ ಬೆಳೆ, ಚಳಿ ತಾಳದು. ಅವರು ಮರಳನ್ನೂ ಗರಸನ್ನೂ ಅಗೆದು ತಂದು ಹೊಲಕ್ಕೆ ಬೆರೆಸಿ ಮಣ್ಣನ್ನು ಸಡಿಲವೂ ಬೆಚ್ಚಗೂ ಮಾಡಿದರು. ಗೆಡ್ಡೆಗಳನ್ನು ನೆಲಗುಣಿಗಳಲ್ಲಿ ಚಳಿಗಾಲ ಕಳೆಯುವವರೆಗೆ ಕಾಪಾಡಿದರು. ಪ್ರಯೋಗಾಲಯವಿಲ್ಲದಿದ್ದರೂ ಇದು ವಿಜ್ಞಾನವಲ್ಲವೆ?

ಕೊನೆಗೆ ರೋಟೊರುವದ ಸಮೀಪದ ‘ಮರಾಯೆ’ ಎಂಬ ಸಭಾಂಗಣಕ್ಕೆ ಹೋದೆವು. ಹಿರಿಯಳೊಬ್ಬಳು ನೀಳವಾದ ಕೂಗಿನಿಂದ ನಮ್ಮನ್ನು ಕರೆದಳು. ಮೂಗಿಗೆ ಮೂಗು ತಾಗಿಸಿ ಸ್ವಾಗತಿಸಿದ ಬಳಿಕ, ಸಭಾಮಂದಿರದ ಬಾಗಿಲಲ್ಲಿ ಮತ್ತೆ ಬೂಟು ಕಳಚಿದೆವು. “ಇಲ್ಲಿ ಯಾವ ರೋಗದ ಭಯ?” ಎಂದು ಗೆಳೆಯನು ಕೇಳಿದನು. ಹಿರಿಯಳು ನಕ್ಕು ವಿವರಿಸಿದಳು: ಆ ಮನೆಯು ಪೂರ್ವಿಕನೊಬ್ಬನ ದೇಹ, ನಡುತೊಲೆಯು ಅವನ ಬೆನ್ನೆಲುಬು, ಅಡ್ಡತೊಲೆಗಳು ಪಕ್ಕೆಲುಬುಗಳು. ಹೊರಗಿನ ಧೂಳನ್ನು ಅಜ್ಜನ ಎದೆಯ ಮೇಲೆ ಯಾರು ಒಯ್ದಾರು? ಮಾವೊರಿ ಭಾಷೆಯಲ್ಲಿ ‘ಫೆನುವ’ ಎಂಬ ಒಂದೇ ಮಾತು ನೆಲವನ್ನೂ ತಾಯಿಯ ಗರ್ಭದ ಮಾಸನ್ನೂ ಸೂಚಿಸುತ್ತದೆ. ಹುಟ್ಟಿದ ಮಗುವಿನ ಮಾಸನ್ನು ನೆಲಕ್ಕೆ ಒಪ್ಪಿಸುವ ಪದ್ಧತಿಯು ಇಂದಿಗೂ ಉಂಟು.

ಹೊರಡುವ ಹಿಂದಿನ ಸಂಜೆ ತಂಗುದಾಣದ ಹಿತ್ತಲಿನಲ್ಲಿ ನೀರಿನ ಸದ್ದು ಕೇಳಿತು. ಹೋಗಿ ನೋಡಿದರೆ, ಯಾರೂ ಹೇಳದೆಯೇ ಮಲೆನಾಡಿನ ಗೆಳೆಯನು ತನ್ನ ಬೂಟುಗಳನ್ನು ಉಜ್ಜುತ್ತಿದ್ದನು. “ಮನೆಯಲ್ಲಿ ತೋಟವಿದೆ” ಎಂದಷ್ಟೇ ಹೇಳಿದನು. ಆ ಸಲ ನಾವು ಯಾರೂ ನಗಲಿಲ್ಲ. ನಮ್ಮ ನಮ್ಮ ಬೂಟುಗಳನ್ನು ತಂದು ಅವನ ಪಕ್ಕದಲ್ಲಿ ಕುಳಿತೆವು.