ಪಣ್ಯವಸ್ತುಗಳ ಮುದ್ರಾಪ್ರಾಮಾಣ್ಯ

ಕಾರ್ಖಾನೆಯಲ್ಲಿ ಸಿದ್ಧವಾದ ಔಷಧವು ರೋಗಿಯ ಕೈಸೇರುವುದಕ್ಕೆ ಮುಂಚೆ ಸಗಟು ವ್ಯಾಪಾರಿ, ಸಾಗಣೆದಾರ, ಅಂಗಡಿಕಾರ ಮೊದಲಾದ ಹಲವರ ಕೈಗಳನ್ನು ಹಾದುಬರುತ್ತದೆ. ಈ ಪರಂಪರೆಗೆ ಇಂದಿನ ವ್ಯವಹಾರದಲ್ಲಿ ಪೂರೈಕೆಯ ಸರಪಣಿಯೆಂದು ಹೆಸರು. ಅದರ ಯಾವ ಕೊಂಡಿಯಲ್ಲಾದರೂ ನಿಜವಸ್ತುವಿನ ಸ್ಥಾನದಲ್ಲಿ ಕೂಟವಸ್ತುವು ಸೇರಿಕೊಳ್ಳಬಹುದು. ಕೊಳ್ಳುವವನಿಗೆ ತಯಾರಕನು ಪ್ರತ್ಯಕ್ಷನಲ್ಲ. ಪೊಟ್ಟಣದ ಮೇಲಿನ ಗುರುತೊಂದೇ ಆಧಾರ. ಆ ಗುರುತಿಗೆ ಪ್ರಾಮಾಣ್ಯವು ಎಲ್ಲಿಂದ ಬರುತ್ತದೆಂಬುದೇ ಇಲ್ಲಿ ವಿಚಾರ್ಯವಾದ ವಿಷಯ. ಗಣಕಯಂತ್ರಗಳಿಂದ ನಡೆಯುವ ಈ ವ್ಯವಸ್ಥೆಯು ಹೊಸದಾದರೂ ಅದರ ಪ್ರಶ್ನೆಗಳು ಸಂಸ್ಕೃತದ ಶಾಸ್ತ್ರಕಾವ್ಯಗಳಿಗೆ ಅಪರಿಚಿತವಲ್ಲ.

ಮೈಸೂರಿನ ಓರಿಯಂಟಲ್ ಲೈಬ್ರರಿಯ ತಾಳೆಯೋಲೆಯ ಪ್ರತಿಯನ್ನು ಆಧರಿಸಿ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಶುಲ್ಕಾಧ್ಯಕ್ಷನ ಪ್ರಕರಣವಿದೆ. ಬಂದ ವ್ಯಾಪಾರಿಗಳು ಯಾರು, ಎಲ್ಲಿಯವರು, ಸರಕೆಷ್ಟು, ಅದಕ್ಕೆ ಅಭಿಜ್ಞಾನವಾಗಲಿ ಮುದ್ರೆಯಾಗಲಿ ಎಲ್ಲಿ ಆಯಿತು ಎಂಬಿಷ್ಟನ್ನೂ ಸುಂಕದ ಕಟ್ಟೆಯಲ್ಲಿ ಬರೆದಿಡಬೇಕೆಂದು ಅಲ್ಲಿ ವಿಧಿಸಿದೆ. ಮುದ್ರೆಯಿಲ್ಲದ ಸರಕಿಗೆ ಎರಡರಷ್ಟು ಸುಂಕ. ಕೂಟಮುದ್ರೆಗೆ ಸುಂಕದ ಎಂಟರಷ್ಟು ದಂಡ. ಮುದ್ರೆ ಒಡೆದಿದ್ದರೆ ಅದಕ್ಕೆ ಬೇರೆಯೇ ಶಿಕ್ಷೆ. ಹೀಗೆ ಮುದ್ರೆಯ ಅಭಾವ, ಕೂಟತ್ವ, ಭೇದ ಎಂಬ ಮೂರು ದೋಷಗಳನ್ನು ಗ್ರಂಥಕಾರನು ಬೇರೆಬೇರೆಯಾಗಿ ಎಣಿಸಿರುವನು. ಇಂದಿನ ವ್ಯವಸ್ಥೆಗಳು ಪರಿಹರಿಸಬೇಕಾದ ದೋಷಗಳಲ್ಲಿಯೂ ಇವೇ ಮುಖ್ಯವಾದುವು.

ಮೊದಲು ಗುರುತಿನ ಸ್ವರೂಪವನ್ನು ನೋಡತಕ್ಕದ್ದು. ಶಬ್ದಕ್ಕೆ ಜಾತಿಯು ಅರ್ಥವೋ ವ್ಯಕ್ತಿಯು ಅರ್ಥವೋ ಎಂಬ ವಾದವು ಶಾಸ್ತ್ರಜ್ಞರಿಗೆ ವಿದಿತವಾದದ್ದೇ. ಪೊಟ್ಟಣದ ಮೇಲಿನ ಸಂಕೇತದ ವಿಷಯದಲ್ಲಿಯೂ ಅದೇ ಭೇದ ಏರ್ಪಡುತ್ತದೆ. ಭಾರತದಲ್ಲಿ ೨೦೨೩ನೆಯ ಆಗಸ್ಟ್ ೧ರಿಂದ ೩೦೦ ಹೆಸರುಗಳ ಔಷಧಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯುಆರ್ ಸಂಕೇತವು ಕಡ್ಡಾಯವಾಯಿತು. ಔಷಧದ ಹೆಸರು, ತಯಾರಕನ ವಿಳಾಸ, ತಂಡದ ಸಂಖ್ಯೆ, ತಯಾರಾದ ಹಾಗೂ ಅವಧಿ ಮುಗಿಯುವ ದಿನಾಂಕಗಳು, ಪರವಾನಗಿಯ ಸಂಖ್ಯೆ ಮೊದಲಾದುವು ಅದರಲ್ಲಿರಬೇಕು. ಇವು ಬಹುಮಟ್ಟಿಗೆ ಜಾತಿಯನ್ನು ಹೇಳುವ ಲಕ್ಷಣಗಳು. ಒಂದು ತಂಡದ ಸಾವಿರ ಪೊಟ್ಟಣಗಳಿಗೂ ಸಮಾನವಾಗಿ ಅನ್ವಯಿಸುವುವು. ಒಂದು ನಿಜವಾದ ಸಂಕೇತವನ್ನು ಕೂಟಕಾರನು ಸಾವಿರ ಸಲ ಅಚ್ಚುಮಾಡಿದರೆ ಆ ಸಾವಿರವೂ ಓದುವ ಯಂತ್ರಕ್ಕೆ ನಿಜವೆಂದೇ ತೋರುವುವು.

ಯುರೋಪಿಯನ್ ಒಕ್ಕೂಟದ ಬಹುಪಾಲು ದೇಶಗಳಲ್ಲಿ ೨೦೧೯ನೆಯ ಫೆಬ್ರವರಿ ೯ರಿಂದ ಜಾರಿಗೆ ಬಂದ ಕ್ರಮವು ವ್ಯಕ್ತಿಪಕ್ಷವನ್ನು ಆಶ್ರಯಿಸಿದೆ. ವೈದ್ಯರ ಚೀಟಿಯಿಂದ ದೊರೆಯುವ ಔಷಧಗಳಲ್ಲಿ ಸಾಮಾನ್ಯವಾಗಿ ಪ್ರತಿಯೊಂದು ಪೊಟ್ಟಣಕ್ಕೂ ಪ್ರತ್ಯೇಕ ಸಂಖ್ಯೆಯುಂಟು. ತಯಾರಕನು ಅದನ್ನು ದಾಖಲೆಯಲ್ಲಿ ಸೇರಿಸುವನು; ಔಷಧವನ್ನು ಕೊಡುವಾಗ ಅಂಗಡಿಯವನು ಅದನ್ನು ಅಲ್ಲಿಂದ ಕಡಿದುಹಾಕುವನು. ಅದೇ ಸಂಖ್ಯೆಯು ಎರಡನೆಯ ಸಲ ಬಂದರೆ ಎಚ್ಚರಿಕೆ ಹೊರಡುತ್ತದೆ. ಪೊಟ್ಟಣವನ್ನು ಬಿಚ್ಚಿದ್ದರೆ ತಿಳಿಯುವಂತೆ ಮೊಹರೂ ಇರಬೇಕು. ಭಿನ್ನಮುದ್ರೆಯ ದೋಷಕ್ಕೆ ಇದೇ ಪರಿಹಾರ. ವ್ಯಕ್ತಿಪಕ್ಷವು ಭಾರತಕ್ಕೂ ಹೊಸದಲ್ಲ: ೨೦೨೩ನೆಯ ಏಪ್ರಿಲ್ ೧ರಿಂದ ಹಾಲ್‌ಮಾರ್ಕಿನ ಚಿನ್ನದ ಒಡವೆಗಳಲ್ಲಿ ಒಂದೊಂದಕ್ಕೂ ಆರು ಅಕ್ಷರಾಂಕಗಳ ಬೇರೆ ಗುರುತನ್ನು ಕಡ್ಡಾಯ ಮಾಡಲಾಗಿದೆ.

ಅನುಕರಣವನ್ನು ದಾಖಲೆಯು ತಡೆಯುತ್ತದೆ. ಆದರೆ ಕೊಂಡಿಯಿಂದ ಕೊಂಡಿಗೆ ಬರುವ ಸಂದೇಶವನ್ನೇ ಮತ್ತೊಬ್ಬನು ಸೃಷ್ಟಿಸಿ ಕಳುಹಿಸಿದರೆ ಏನು ಗತಿ? ಇದಕ್ಕೆ ಅಂಕೀಯ ಸಹಿಯೆಂಬ ಉಪಾಯವುಂಟು. ೧೯೭೬ರಲ್ಲಿ ಡಿಫಿ ಮತ್ತು ಹೆಲ್‌ಮನ್ ಎಂಬವರು ಇದರ ತತ್ತ್ವವನ್ನು ಪ್ರತಿಪಾದಿಸಿದರು. ೧೯೭೮ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ಅದರ ಗಣಿತವಿಧಾನವನ್ನು ಪ್ರಕಟಿಸಿದರು. ಪ್ರತಿಯೊಬ್ಬನಿಗೂ ಜೊತೆಯಾದ ಎರಡು ಕೀಲಿಗಳು: ಗೂಢವಾದ ಒಂದರಿಂದ ಸಹಿಮಾಡುವನು, ಪ್ರಕಟವಾದ ಮತ್ತೊಂದರಿಂದ ಯಾರು ಬೇಕಾದರೂ ಪರೀಕ್ಷಿಸುವರು. ಅರಗಿನ ಮುದ್ರೆಯು ಯಾವ ಓಲೆಯ ಮೇಲೆ ಒತ್ತಿದರೂ ಒಂದೇ ರೂಪ. ಈ ಮುದ್ರೆಯಾದರೋ ಬರಹವನ್ನೇ ಅನುಸರಿಸಿ ಬೇರೆಯಾಗುತ್ತದೆ. ಒಂದಕ್ಷರ ಬದಲಾದರೂ ಪರೀಕ್ಷೆಯಲ್ಲಿ ನಿಲ್ಲದು.

ಹೀಗಿದ್ದರೂ ಮುದ್ರೆಯು ಒಡೆಯನ ಕೈತಪ್ಪಿದರೆ ಆಗುವ ಅನರ್ಥವನ್ನು ಎರಡು ನಾಟಕಗಳು ಎರಡು ಬಗೆಯಾಗಿ ತೋರಿಸಿವೆ. ಶಾಕುಂತಲದಲ್ಲಿ ಉಂಗುರವು ಕಳೆದುಹೋದ್ದರಿಂದ ನಿಜವಾದ ಪತ್ನಿಯೇ ತಿರಸ್ಕೃತಳಾದಳು. ಕೆಂಪುನಾರಾಯಣನ ‘ಮುದ್ರಾಮಂಜೂಷ’ದ ಮೂಲಕ ಕನ್ನಡಿಗರಿಗೆ ಪರಿಚಿತವಾದ ಮುದ್ರಾರಾಕ್ಷಸದ ಕಥೆಯಲ್ಲಿ ಇದಕ್ಕೆ ವಿಪರೀತ: ಪತ್ರವನ್ನು ಬರೆದವನು ರಾಕ್ಷಸನ ಮಿತ್ರನಾದ ಶಕಟದಾಸ, ಒತ್ತಿದ್ದು ರಾಕ್ಷಸನದೇ ಉಂಗುರ, ಅಭಿಪ್ರಾಯ ಮಾತ್ರ ಚಾಣಕ್ಯನದು. ೨೦೧೦ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಗಣಕವೈರಸ್ಸಿನ ಪ್ರಸಂಗವೂ ಇಂಥದೇ. ಕಾರ್ಖಾನೆಯ ಯಂತ್ರಗಳ ನಿಯಂತ್ರಕಗಳನ್ನು ಕೆಡಿಸಲು ಹೊರಟ ಆ ಕ್ರಮವಿಧಿಯ ಮೇಲೆ ತೈವಾನಿನ ಎರಡು ಕಂಪನಿಗಳಿಂದ ಅಪಹೃತವಾದ ಕೀಲಿಗಳ ಸಹಿಯಿತ್ತು. ಸಹಿ ನಿಜ, ಸಂದೇಶ ಕೂಟ. ರಾಕ್ಷಸನ ಉಂಗುರವನ್ನು ರದ್ದುಮಾಡುವ ದಾರಿಯಿರಲಿಲ್ಲ. ಇಂದಿನ ಕೀಲಿಯ ಪ್ರಮಾಣಪತ್ರವನ್ನು ರದ್ದುಮಾಡಬಹುದು, ಮಾಡಲಾಯಿತು ಕೂಡ. ಆದರೆ ಕಳವು ತಿಳಿದ ಮೇಲೆಯೇ ಅದು ಸಾಧ್ಯ.

ಇನ್ನು, ಪ್ರಕಟವಾದ ಕೀಲಿಯು ಇಂಥವನದೇ ಎಂಬುದಕ್ಕೆ ಪ್ರಮಾಣವೇನು? ಅದನ್ನು ದೃಢೀಕರಿಸುವ ಅಧಿಕಾರಿಯುಂಟು; ಅವನನ್ನು ದೃಢೀಕರಿಸಲು ಮತ್ತೊಬ್ಬನು. ಜ್ಞಾನದ ಪ್ರಾಮಾಣ್ಯವು ಪರತಃ ಎನ್ನುವ ನೈಯಾಯಿಕರ ಮೇಲೆ ಮೀಮಾಂಸಕರು ಹೊರಿಸುವ ಅನವಸ್ಥಾದೋಷವೇ ಇಲ್ಲಿಯೂ ಪ್ರಾಪ್ತವಾಗುತ್ತದೆ. ಭಾರತದಲ್ಲಿ ೨೦೦೦ದ ಮಾಹಿತಿ ತಂತ್ರಜ್ಞಾನ ಅಧಿನಿಯಮದಂತೆ ನೇಮಕವಾದ ನಿಯಂತ್ರಕನ ಮೂಲ ಪ್ರಮಾಣಪತ್ರದಲ್ಲಿ ಈ ಪರಂಪರೆಯು ನಿಲ್ಲುತ್ತದೆ. ಆ ಮೂಲಪತ್ರಕ್ಕೆ ಅದರದೇ ಸಹಿ. ಎಂದರೆ ಅದು ಸ್ವತಃಪ್ರಮಾಣ. ಅದನ್ನು ಜನರು ಅಂಗೀಕರಿಸುವುದು ಗಣಿತದ ಬಲದಿಂದಲ್ಲ, ಶಾಸನದ ಬಲದಿಂದ.

ಕಡೆಯದಾಗಿ ಒಂದು ವಿವೇಕವು ಅವಶ್ಯ. ಮುದ್ರೆಯು ಕರ್ತೃವನ್ನು ತಿಳಿಸುತ್ತದೆ, ಗುಣವನ್ನಲ್ಲ. ಗ್ಯಾಂಬಿಯಾ ದೇಶದಲ್ಲಿ ಮಕ್ಕಳು ಸತ್ತ ಪ್ರಸಂಗದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ೨೦೨೨ರ ಅಕ್ಟೋಬರಿನಲ್ಲಿ ಕೆಲವು ಔಷಧಗಳ ಬಗ್ಗೆ ಎಚ್ಚರಿಕೆಯನ್ನು ಪ್ರಕಟಿಸಿತು. ಅಲ್ಲಿ ಪ್ರಶ್ನೆಯಾದದ್ದು ತಯಾರಕನಾರೆಂಬುದಲ್ಲ, ಸೀಸೆಯೊಳಗೇನಿತ್ತೆಂಬುದು. ಆದುದರಿಂದ ಮುದ್ರೆಯ ಪರೀಕ್ಷೆಯು ವಸ್ತುವಿನ ಪರೀಕ್ಷೆಗೆ ಪ್ರತಿನಿಧಿಯಾಗಲಾರದು. ದೋಷವು ಕಂಡಾಗ ಯಾರನ್ನು ಕೇಳಬೇಕೆಂಬುದನ್ನು ನಿಶ್ಚಯಿಸಿಕೊಡುವುದೇ ಅದರ ಫಲ. ಅಷ್ಟನ್ನು ಅದು ತಪ್ಪದೆ ಮಾಡಿದರೆ ಅದರ ಪ್ರಯೋಜನವು ಸಿದ್ಧಿಸಿದಂತೆಯೇ.