ಗಾಲಿಯ ಮೇಲಿನ ಮನೆಗೆ ವಿಳಾಸ ಯಾವುದು?

ಅಮೆರಿಕದ ಅರಿಜೋನಾ ರಾಜ್ಯದ ಮರುಭೂಮಿಯಲ್ಲಿ ಕ್ವಾರ್ಟ್‌ಸೈಟ್ ಎಂಬ ಪುಟ್ಟ ಊರಿದೆ. 2020ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ ಸುಮಾರು ಎರಡೂವರೆ ಸಾವಿರ. ಬೇಸಿಗೆಯಲ್ಲಿ ಊರು ಬಿಸಿಲಿಗೆ ಬೆಂದು ಬಿಕೋ ಎನ್ನುತ್ತದೆ. ಆದರೆ ಉತ್ತರದ ರಾಜ್ಯಗಳಲ್ಲಿ ಹಿಮ ಬೀಳತೊಡಗಿದ್ದೇ ತಡ, ಊರಿನ ಸುತ್ತಲ ಬಯಲಿಗೆ ಮನೆಗಳೇ ಸಾಲುಸಾಲಾಗಿ ಉರುಳಿಕೊಂಡು ಬರುತ್ತವೆ! ಅಡುಗೆಮನೆ, ಮಲಗುವ ಕೋಣೆ, ಬಚ್ಚಲು ಎಲ್ಲವನ್ನೂ ಹೊತ್ತ ವಾಹನಗಳವು. ಸ್ಟಿಯರಿಂಗ್ ಹಿಡಿದವರಲ್ಲಿ ಬಹಳಷ್ಟು ಮಂದಿ ತಲೆ ನರೆತ ಅಜ್ಜ-ಅಜ್ಜಿಯರು.

ಇಂಥ ವಾಹನಕ್ಕೆ ರಿಕ್ರಿಯೇಷನಲ್ ವೆಹಿಕಲ್, ಚಿಕ್ಕದಾಗಿ ಆರ್.ವಿ. ಎಂದು ಹೆಸರು. ಬಸ್ಸಿನಂತೆ ಸ್ವಂತ ಎಂಜಿನ್ ಇರುವುದು ಮೋಟಾರ್‌ಹೋಮ್; ಇನ್ನೊಂದು ವಾಹನ ಎಳೆದೊಯ್ಯುವುದು ಟ್ರೇಲರ್. ಒಳಗೆ ಸಾಮಾನ್ಯವಾಗಿ ಮೂರು ಟ್ಯಾಂಕುಗಳಿರುತ್ತವೆ: ಒಂದು ಶುದ್ಧ ನೀರಿಗೆ, ಇನ್ನೊಂದು ಪಾತ್ರೆ ತೊಳೆದ, ಸ್ನಾನ ಮಾಡಿದ ನೀರಿಗೆ, ಮೂರನೆಯದು ಶೌಚಾಲಯದ್ದು. ಅಡುಗೆಗೆ ಗ್ಯಾಸ್, ದೀಪಕ್ಕೆ ಬ್ಯಾಟರಿ, ಅದನ್ನು ತುಂಬಲು ಮಾಡಿನ ಮೇಲೆ ಸೌರ ಫಲಕ. ಟ್ಯಾಂಕು ಬರಿದಾದರೆ ತುಂಬಿಸಬೇಕು, ತುಂಬಿದರೆ ನಿಗದಿತ ಜಾಗಕ್ಕೆ ಹೋಗಿ ಖಾಲಿ ಮಾಡಬೇಕು. ಒಂದು ಬಕೆಟ್ ನೀರಿನ ಬೆಲೆ ಇಲ್ಲಿ ಬೇಗ ಗೊತ್ತಾಗುತ್ತದೆ.

ಈ ಹವ್ಯಾಸ ಬೆಳೆಯಲು ಅಲ್ಲಿನ ರಸ್ತೆಗಳೂ ಕಾರಣ. 1956ರ ಕಾನೂನಿನಿಂದ ದೇಶದುದ್ದಕ್ಕೂ ಅಂತರರಾಜ್ಯ ಹೆದ್ದಾರಿಗಳ ಜಾಲ ಹಬ್ಬಿತು. ನಿವೃತ್ತರಾದವರು ಮನೆ ಮಾರಿ, ಗಾಲಿಯ ಮೇಲೆ ಸಂಸಾರ ಹೂಡುವ ಪರಿಪಾಠ ಬೆಳೆಯಿತು. ಒಕ್ಕೂಟ ಸರ್ಕಾರದ ಭೂ ನಿರ್ವಹಣಾ ಸಂಸ್ಥೆ ಕ್ವಾರ್ಟ್‌ಸೈಟ್ ಬಳಿಯ ತನ್ನ ಜಾಗದಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಶುಲ್ಕ ಪಡೆದು ದೀರ್ಘಕಾಲ ತಂಗಲು ಬಿಡುತ್ತದೆ. 62 ದಾಟಿದವರಿಗೆ ರಾಷ್ಟ್ರೀಯ ಉದ್ಯಾನಗಳ ಆಜೀವ ಪಾಸ್ ಉಂಟು. ಹತ್ತು ಡಾಲರ್ ಇದ್ದ ಅದರ ಬೆಲೆ 2017ರ ಆಗಸ್ಟ್‌ನಲ್ಲಿ 80 ಡಾಲರಿಗೆ ಏರಿತು. ಇದು ಅಲ್ಲಿನ ಪ್ರಜೆಗಳಿಗೆ, ಕಾಯಂ ನಿವಾಸಿಗಳಿಗೆ ಮಾತ್ರ. ಮಕ್ಕಳನ್ನು ನೋಡಲು ಪ್ರವಾಸಿ ವೀಸಾದಲ್ಲಿ ಹೋದ ಮೈಸೂರು, ಬೆಂಗಳೂರಿನ ಅಪ್ಪ-ಅಮ್ಮಂದಿರಿಗೆ ಸಿಗುವುದಿಲ್ಲ.

ಕಾಗದ ಎಲ್ಲಿಗೆ ಬರಬೇಕು?

ಕೇಳಲು ಎಷ್ಟು ಚೆನ್ನ! ಆದರೆ ಮನೆ ಮಾರಿದ ಮರುದಿನವೇ ಒಂದು ಪ್ರಶ್ನೆ ಏಳುತ್ತದೆ: ನಿಮ್ಮ ವಿಳಾಸ ಯಾವುದು? ಚಾಲನಾ ಪರವಾನಗಿ, ವಾಹನದ ನೋಂದಣಿ, ಬ್ಯಾಂಕು, ಮತದಾರರ ಪಟ್ಟಿ, ತೆರಿಗೆ ಎಲ್ಲಕ್ಕೂ ವಿಳಾಸ ಬೇಕು. ಕೆಲವು ಆರೋಗ್ಯ ವಿಮೆಗಳಂತೂ ಆಯಾ ಪ್ರದೇಶದ ವೈದ್ಯರಿಗಷ್ಟೇ ಸೀಮಿತ.

ಇದಕ್ಕೆ ಅವರು ಕಂಡುಕೊಂಡ ದಾರಿ ಸ್ವಾರಸ್ಯಕರ. ಟೆಕ್ಸಾಸ್, ಫ್ಲೋರಿಡಾ, ಸೌತ್ ಡಕೋಟ ರಾಜ್ಯಗಳಲ್ಲಿ ವ್ಯಕ್ತಿಗಳಿಗೆ ರಾಜ್ಯ ಆದಾಯ ತೆರಿಗೆ ಇಲ್ಲ. ಅಂಚೆ ಪಡೆದು ಮುಂದಿನ ಊರಿಗೆ ರವಾನಿಸುವ ಸಂಸ್ಥೆಗಳು ಅಲ್ಲಿವೆ. ಅಂಥ ಸಂಸ್ಥೆಯ ವಿಳಾಸವೇ ಅಲೆಮಾರಿಗಳ ವಿಳಾಸ. ಸೌತ್ ಡಕೋಟದಲ್ಲಿ ಒಂದೇ ರಾತ್ರಿ ತಂಗಿದ ರಸೀದಿ ತೋರಿಸಿ ಚಾಲನಾ ಪರವಾನಗಿ ಪಡೆಯುವ ವ್ಯವಸ್ಥೆ ಬಂತು. ಮತದಾನ ಮಾತ್ರ ತಕರಾರಿನ ವಿಷಯವಾಯಿತು. ಊರಿನಲ್ಲಿ ಬಾಳದವರು ಊರಿನ ಪ್ರತಿನಿಧಿಯನ್ನು ಆರಿಸಬಹುದೇ? ನೋಂದಾಯಿಸುವ ಮುನ್ನ 30 ದಿನವಾದರೂ ರಾಜ್ಯದಲ್ಲಿ ವಾಸವಿರಬೇಕೆಂದು ಅಲ್ಲಿನ ಶಾಸನಸಭೆ 2023ರಲ್ಲಿ ಕಾನೂನು ಮಾಡಿತು. ತೆರಿಗೆ ಉಳಿಸಿಕೊಂಡ ವಿಳಾಸವೇ ಮತದ ವಿಷಯದಲ್ಲಿ ಕೈಕೊಟ್ಟಿತು!

ಹೊರಟವರು, ಹೊರಬಿದ್ದವರು

ಮರುಭೂಮಿಯಲ್ಲಿ ಪಕ್ಕಪಕ್ಕದಲ್ಲೇ ನಿಂತ ಎರಡು ಗಾಲಿಮನೆಗಳಲ್ಲಿ ಒಬ್ಬರು ಬೇಕೆಂದು ಹೊರಟವರಾದರೆ ಇನ್ನೊಬ್ಬರು ಬೇರೆ ಗತಿಯಿಲ್ಲದೆ ಹೊರಬಿದ್ದವರಿರಬಹುದು. ಹೊರಗಿನಿಂದ ನೋಡಿದರೆ ವ್ಯತ್ಯಾಸ ತಿಳಿಯದು.

ಅಮೆರಿಕದಲ್ಲಿ ಸಾಮಾಜಿಕ ಭದ್ರತಾ ಕಾಯ್ದೆ ಬಂದದ್ದು 1935ರಲ್ಲಿ. 1940ರ ಜನವರಿಯಲ್ಲಿ ಮೊದಲ ಮಾಸಿಕ ಚೆಕ್ ಪಡೆದ ವೆರ್ಮಾಂಟ್‌ನ ಇಡಾ ಮೇ ಫುಲ್ಲರ್‌ಗೆ ಸಿಕ್ಕಿದ್ದು 22 ಡಾಲರ್ 54 ಸೆಂಟ್. ಇದರ ಜೊತೆಗೆ ಕಂಪನಿಯ ಪಿಂಚಣಿಯೂ ಸಿಗುತ್ತಿದ್ದ ಅನೇಕರ ಮುಪ್ಪು ನಿಶ್ಚಿಂತವಾಗಿತ್ತು. 1978ರ ತೆರಿಗೆ ಕಾನೂನು ಬೇರೊಂದು ದಾರಿ ತೆರೆಯಿತು. ಸಂಬಳದ ಒಂದು ಪಾಲನ್ನು ನೌಕರರೇ ಉಳಿಸಿ ಹೂಡುವ ಖಾತೆಗಳು ಬರಬರುತ್ತಾ ಪಿಂಚಣಿಯ ಜಾಗ ಹಿಡಿದವು. 2008ರಲ್ಲಿ ಷೇರುಪೇಟೆ ಕುಸಿದು, ಮನೆಗಳ ಬೆಲೆ ಬಿದ್ದಾಗ ನಿವೃತ್ತಿಯ ಹೊಸ್ತಿಲಲ್ಲಿದ್ದವರ ಗಂಟು ಕರಗಿತು. ಬಾಡಿಗೆ ಕಟ್ಟಲಾಗದವರು ವ್ಯಾನನ್ನೇ ಮನೆ ಮಾಡಿಕೊಂಡರು.

ಇಂಥವರಿಗೆ ಪ್ರವಾಸವೆಂದರೆ ಕೂಲಿಯ ಬೆನ್ನು ಹತ್ತಿ ಹೋಗುವುದು. ಬೇಸಿಗೆಯಲ್ಲಿ ಅರಣ್ಯ ಶಿಬಿರಗಳ ಉಸ್ತುವಾರಿ, ಅಕ್ಟೋಬರ್‌ನಲ್ಲಿ ನಾರ್ತ್ ಡಕೋಟದ ಸಕ್ಕರೆ ಬೀಟ್ ಕಟಾವು, ಹಬ್ಬದ ದಿನಗಳಲ್ಲಿ ಗೋದಾಮಿನ ಕೆಲಸ. ಜೆಸ್ಸಿಕಾ ಬ್ರೂಡರ್ 2017ರಲ್ಲಿ ಪ್ರಕಟಿಸಿದ ‘ನೊಮ್ಯಾಡ್‌ಲ್ಯಾಂಡ್’ ಪುಸ್ತಕ ಇವರದೇ ಕಥೆ. ಅದನ್ನು ಆಧರಿಸಿ ಕ್ಲೋಯಿ ಝಾವೊ ನಿರ್ದೇಶಿಸಿದ ಚಿತ್ರ 2021ರಲ್ಲಿ ಅತ್ಯುತ್ತಮ ಚಿತ್ರದ ಆಸ್ಕರ್ ಗೆದ್ದಿತು. ಚಿತ್ರದ ನಾಯಕಿ ತೊರೆಯುವ ನೆವಾಡದ ಎಂಪೈರ್ ಕಲ್ಪಿತ ಊರಲ್ಲ. 2011ರಲ್ಲಿ ಅಲ್ಲಿನ ಜಿಪ್ಸಂ ಕಾರ್ಖಾನೆ ಮುಚ್ಚಿದಾಗ ಜನ ಗುಳೆ ಹೋದರು. ಊರಿನ ಅಂಚೆ ಸಂಖ್ಯೆಯೇ ರದ್ದಾಯಿತು. ಅಲ್ಲಿನವರು ವಿಳಾಸ ಬಿಡಲಿಲ್ಲ, ವಿಳಾಸವೇ ಅವರನ್ನು ಬಿಟ್ಟಿತು.

ಬಿಡುವ ಜಾಗವೂ ಕಿರಿದಾಗುತ್ತಿದೆ. ಸಾರ್ವಜನಿಕ ಸ್ಥಳದಲ್ಲಿ ಬಿಡಾರ ಹೂಡಿ ಮಲಗುವುದನ್ನು ನಗರಗಳು ದಂಡನೀಯ ಮಾಡಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟ್ 2024ರ ಜೂನ್‌ನಲ್ಲಿ 6-3 ಬಹುಮತದ ತೀರ್ಪು ನೀಡಿತು. ಊರೂರು ಅಲೆದು ಬದುಕುವವರನ್ನು ಅನುಮಾನದಿಂದ ನೋಡುವುದು ಕರ್ನಾಟಕದ ಊರುಗಳಿಗೂ ಹೊಸತಲ್ಲ.

ಸ್ಟಿಯರಿಂಗ್ ಬಿಟ್ಟ ಮೇಲೆ

ಬೇಕೆಂದು ಹೊರಟವರಿಗೂ ಒಂದು ದಿನ ಕಣ್ಣು ಮಂಜಾಗುತ್ತದೆ, ಕೈ ನಡುಗುತ್ತದೆ. ಮಾರಿದ ಮನೆ ಮರಳಿ ಸಿಗದು. ಮಕ್ಕಳ ಮನೆಯಲ್ಲಿ ಜಾಗ ಇರಬಹುದು, ಇಲ್ಲದಿರಬಹುದು.

ಈ ಪ್ರಶ್ನೆಯನ್ನು ಎದುರಿಸಿದ್ದು ಜೋ ಮತ್ತು ಕೇ ಪೀಟರ್ಸನ್ ದಂಪತಿ 1978ರಲ್ಲಿ ಕಟ್ಟಿದ ಎಸ್ಕೇಪೀಸ್ ಎಂಬ ಕೂಟ. ಟೆಕ್ಸಾಸ್‌ನ ಲಿವಿಂಗ್‌ಸ್ಟನ್‌ನಲ್ಲಿ ಅದರ ಕೇಂದ್ರವಿದೆ. ಸದಸ್ಯರ ಅಂಚೆಯನ್ನು ಅವರು ಇದ್ದಲ್ಲಿಗೆ ಕಳಿಸುವ ಈ ಕೂಟ, 1990ರ ದಶಕದಲ್ಲಿ ಅಲ್ಲೇ ಒಂದು ಆರೈಕೆ ಕೇಂದ್ರವನ್ನೂ ಶುರು ಮಾಡಿತು. ವಯಸ್ಸಾಗಿ ಓಡಿಸಲಾಗದವರು, ಕಾಯಿಲೆ ಬಿದ್ದವರು ತಮ್ಮ ವಾಹನವನ್ನು ಅಲ್ಲಿ ನಿಲ್ಲಿಸಿ ಅದರಲ್ಲೇ ಉಳಿಯಬಹುದು. ಊಟ, ಬಟ್ಟೆ ಒಗೆಯುವುದು, ವೈದ್ಯರ ಬಳಿ ಕರೆದೊಯ್ಯುವುದು ಕೇಂದ್ರದ ಹೊಣೆ. ಜೀವನವಿಡೀ ಒಬ್ಬರಿಗೊಬ್ಬರು ದಾರಿಯಲ್ಲಿ ಸಿಕ್ಕವರು ಇಲ್ಲಿ ನೆರೆಹೊರೆಯವರಾಗುತ್ತಾರೆ.

ನಿವೃತ್ತಿಯ ಲೆಕ್ಕ ಹಾಕುವ ಅಪ್ಪ-ಅಮ್ಮಂದಿರೂ, ಮೊದಲ ಸಂಬಳದ ಕನಸು ಕಾಣುವ ಮಕ್ಕಳೂ ಒಟ್ಟಿಗೆ ಕೂತು ಯೋಚಿಸಬೇಕಾದ ಮಾತಿದು. ಉಳಿತಾಯವಿದ್ದರೆ ದಾರಿ ಸಲೀಸು. ಆದರೆ ಉಳಿತಾಯವೂ ಕರಗಬಹುದು, ಊರೂ ಅಳಿಸಿಹೋಗಬಹುದು. ಆಗ ‘ಬಂದಿರಾ, ಇಲ್ಲೇ ನಿಲ್ಲಿಸಿ’ ಎನ್ನುವವರು ಇರುವ ಜಾಗವೇ ಕೊನೆಗೂ ಉಳಿಯುವ ವಿಳಾಸ.