ನೀರು ಕೊಡದಿದ್ದರೆ ಮರಳಿಗೇ ಹಾರಿದ!

ಡೈವರ್ ಅಂದ ಕೂಡಲೇ ನಮ್ಮ ಅಂಕೋಲೆಯವರಿಗೆ 2024ರ ಶಿರೂರು ನೆನಪಾಗುತ್ತದೆ. ಗುಡ್ಡ ಕುಸಿದ ಮೇಲೆ ಗಂಗಾವಳಿಯ ಕೆಸರು ನೀರಿಗೆ ಇಳಿದು ಹುಡುಕಿದವರನ್ನು ಮರೆಯೋದುಂಟೇ? ಇವತ್ತಿನ ಕಥೆ ಬೇರೆ ಬಗೆಯ ಡೈವರನದು. 10 ಮೀಟರ್ ಎತ್ತರದಿಂದ, ಅಂದರೆ ಮೂರಂತಸ್ತಿನ ಕಟ್ಟಡದಷ್ಟು ಮೇಲಿಂದ, ಪಲ್ಟಿ ಹೊಡೆದು ನೀರಿಗೆ ಬೀಳುವ ಸ್ಪರ್ಧೆಯವನದು.

ಹೆಸರು ಸ್ಯಾಮಿ ಲೀ. 1920ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದವ. ತಂದೆ ತಾಯಿ ಕೊರಿಯಾದವರು. ಪಾಸಡೀನಾ ಊರಿನ ಈಜುಕೊಳದಲ್ಲಿ ಬಿಳಿಯರಲ್ಲದವರಿಗೆ ವಾರಕ್ಕೆ ಒಂದೇ ದಿನ ಪ್ರವೇಶ. ಅವರು ಈಜಿ ಹೋದ ಮೇಲೆ ನೀರನ್ನೆಲ್ಲ ಖಾಲಿ ಮಾಡಿ ಹೊಸದಾಗಿ ತುಂಬಿಸುತ್ತಿದ್ದರು! ಬಾವಿ ಕೆರೆ ಮುಟ್ಟಗೊಡದ ಕಥೆ ಕೇಳಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಉಳಿದ ದಿನ ಏನು ಮಾಡೋದು? ಕೋಚ್ ಜಿಮ್ ರಯಾನ್ ತನ್ನ ಹಿತ್ತಲಲ್ಲಿ ಗುಂಡಿ ತೋಡಿ ಮರಳು ತುಂಬಿಸಿದ. ಹುಡುಗ ಹಲಗೆಯಿಂದ ಮರಳಿಗೇ ಹಾರಿ ಕಲಿತ.

ಮುಂದೆ ಡಾಕ್ಟರಾದ, ಕಿವಿ ರೋಗದ ತಜ್ಞ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಚಿನ್ನ. 1952ರಲ್ಲಿ ಹೆಲ್ಸಿಂಕಿಯಲ್ಲಿ ಮತ್ತೆ ಚಿನ್ನ, ಅದೂ ತನ್ನ 32ನೇ ಹುಟ್ಟುಹಬ್ಬದ ದಿನ. ಇಷ್ಟಾದರೂ 1955ರಲ್ಲಿ ಗಾರ್ಡನ್ ಗ್ರೋವ್ ಊರಲ್ಲಿ ಮನೆ ಕೊಳ್ಳಹೋದರೆ ಬಣ್ಣ ನೋಡಿ ಕೊಡಲ್ಲ ಅಂದರು. ಪದಕ ಕೊರಳಲ್ಲಿದ್ದರೇನು, ಮುಖ ಬದಲಾದೀತೇ?

ಆತ ಸಿಟ್ಟನ್ನು ಕೆಲಸಕ್ಕೆ ಹಚ್ಚಿದ. ಬಾಬ್ ವೆಬ್‌ಸ್ಟರ್ ಎಂಬ ಹುಡುಗನ ಕಾಲೇಜಿನಲ್ಲಿ ಈಜುಕೊಳವೇ ಇರಲಿಲ್ಲ. ಲೀ ತನ್ನ ಹಿತ್ತಲಲ್ಲಿ ಹಲಗೆ ಹಾಕಿ, ಮರಳುಗುಂಡಿ ಮಾಡಿ ಕಲಿಸಿದ. ಆ ಹುಡುಗ 1960 ಮತ್ತು 1964ರಲ್ಲಿ ಒಲಿಂಪಿಕ್ಸ್ ಚಿನ್ನ ಗೆದ್ದ. 1976ರಲ್ಲಿ 16ರ ಪೋರ ಗ್ರೆಗ್ ಲೂಗೇನಿಸ್‌ನನ್ನು ಬೆಳ್ಳಿಗೆ ತಲುಪಿಸಿದ್ದೂ ಇದೇ ಲೀ.

ಈ ಆಟದಲ್ಲಿ ಗೆರೆ ದಾಟಿದವ ಗೆದ್ದ ಅನ್ನೋ ಹಾಗಿಲ್ಲ. ಎಲ್ಲಾ ತೀರ್ಪುಗಾರರ ಕಣ್ಣಲ್ಲಿದೆ. ದೊಡ್ಡ ಸ್ಪರ್ಧೆಗಳಲ್ಲಿ ಏಳು ಜನ ಕೂತು ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುತ್ತಾರೆ. ಮೇಲಿನ ಎರಡು, ಕೆಳಗಿನ ಎರಡು ತೆಗೆದು, ಉಳಿದ ಮೂರನ್ನು ಕೂಡಿಸಿ, ಜಿಗಿತದ ಕಷ್ಟದ ಅಂಕದಿಂದ ಗುಣಿಸುತ್ತಾರೆ. ಒಬ್ಬನ ಪಕ್ಷಪಾತ ನಡೆಯಬಾರದು ಅಂತಲೇ ಈ ಲೆಕ್ಕ. ಮನೆ ಮಾರುವಾಗ ಅಂಥ ಲೆಕ್ಕ ಇರಲಿಲ್ಲ, ನೋಡಿ.

ನಮ್ಮ ದೇಶಕ್ಕೂ ಡೈವಿಂಗ್ ಹೊಸದಲ್ಲ. 1951ರ ದೆಹಲಿ ಏಷ್ಯನ್ ಗೇಮ್ಸಿನಲ್ಲಿ ಕೆ.ಪಿ. ಠಕ್ಕರ್ ಎರಡು ಚಿನ್ನ ಗೆದ್ದಿದ್ದರು.

ಸ್ಯಾಮಿ ಲೀ 2016ರಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡ. ಕಾಳಿ ದಡದಲ್ಲಿ ಹಾರುವ ಹುಡುಗರೇ, ಆಳ ನೋಡದೆ ಹಾರಬೇಡಿ. ದೊಡ್ಡವರೇ, ಕಾರವಾರದಲ್ಲಿ ನೀರಿಗೂ ಮರಳಿಗೂ ಬರವಿಲ್ಲ. ಪಕ್ಕದಲ್ಲಿ ನಿಂತು ತಿದ್ದುವ ಒಬ್ಬರು ಬೇಕು, ಅಷ್ಟೆ.